ಕೆಂಪು ಬಿಲ್ಲೆ ತೆಗೆದ ದಿನ

ನಂಗೆ ಕೋಪ ಬೇಗ ಬರುತ್ತೆ. ಇದನ್ನ ನಾನೇ ಮೊದಲು ಹೇಳ್ಬಿಡ್ತೀನಿ, ಆಮೇಲೆ ನೀವು ಬೇರೆಯವರ ಬಾಯಿಂದ ಕೇಳೋದು ಬೇಡ. ಚಂದಾಪುರದ ಸರ್ವೀಸ್ ರೋಡಲ್ಲಿ ನಂದೊಂದು ವೀಲ್ ಅಲೈನ್‌ಮೆಂಟ್ ಅಂಗಡಿ ಇದೆ. ಚಕ್ರ ನೆಟ್ಟಗಿದೆಯಾ, ಬ್ರೇಕ್ ಸರಿಯಾಗಿ ಹಿಡಿಯುತ್ತಾ ಅಂತ ನೋಡೋದು ನನ್ನ ಕೆಲಸ. ಅದಕ್ಕೂ ಮುಂಚೆ ಇಪ್ಪತ್ತೇಳು ವರ್ಷ ಸರ್ಕಾರಿ ಕಾರ್ಖಾನೆಯ ಟೂಲ್‌ರೂಮಲ್ಲಿದ್ದೆ. ಅಲ್ಲಿ ಕೂದಲೆಳೆಯಷ್ಟು ತಪ್ಪಾದ್ರೂ ಪೀಸು ಕಸದ ಬುಟ್ಟಿಗೆ. ಅದೇ ಬುದ್ಧೀನ ಇಲ್ಲಿಗೂ ತಂದೆ. "ಸುಮ್ನೆ ಹಂಗೇ ಒಂದ್ಸಲ ನೋಡ್ಬಿಡಿ ಸಾರ್" ಅಂದವರಿಗೆಲ್ಲ ಉಗಿದು ಕಳಿಸಿದೀನಿ. ಜಯಸಿಂಹ ಅಂದ್ರೆ ಬಾಯಿ ಜೋರು, ಕೆಲಸ ಚೊಕ್ಕ ಅಂತ ಹೆಸರಾಗಿತ್ತು. ಆ ಹೆಸರಿನ ಮೇಲೆ ನಂಗೆ ಎಷ್ಟು ಜಂಬ ಇತ್ತು ಅಂದ್ರೆ, ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

ಕಾರ್ಖಾನೆಯಿಂದ ನಾನು ತಂದ ಇನ್ನೊಂದು ವಸ್ತು ಒಂದು ಕೆಂಪು ಬಿಲ್ಲೆ. ತಗಡಿನದು, ಅಂಗೈಯಷ್ಟು ಅಗಲ, ಮೇಲೆ "ಅಪಾಯ, ಚಾಲೂ ಮಾಡಬೇಡಿ" ಅಂತ ಬಿಳಿ ಅಕ್ಷರ. ಮೆಷಿನ್ ಬಿಚ್ಚಿ ಕೆಲಸ ಮಾಡ್ತಿದ್ದಾಗ ಅದನ್ನ ಸ್ವಿಚ್ಚಿಗೆ ತಗುಲಿಹಾಕ್ತಿದ್ವಿ. ಇದ್ದಿದ್ದು ಒಂದೇ ನಿಯಮ, ಹಾಕಿದವನೇ ತೆಗೀಬೇಕು. ಜನರಲ್ ಮ್ಯಾನೇಜರ್ ಬಂದು ನಿಂತ್ರೂ ಮುಟ್ಟೋ ಹಾಗಿರಲಿಲ್ಲ.

ಆ ಬಿಲ್ಲೆಗೆ ನನ್ನ ಅಂಗಡಿಯಲ್ಲಿ ಮತ್ತೆ ಕೆಲಸ ಸಿಕ್ಕಿದ್ದು ಮುನಿಕೃಷ್ಣನಿಂದ. ಕೆರೆ ಆಚೆ ಹಳ್ಳಿಯವನು. ಅವರಪ್ಪ ರಾಗಿ ಬೆಳೀತಿದ್ದ ಹೊಲದ ಮೇಲೆ ಈಗ ನಾಲ್ಕು ಬಾಡಿಗೆ ಬಿಲ್ಡಿಂಗು. ಮೂವತ್ತೆರಡು ವರ್ಷದ ಕತ್ತೆ, ಒಂದು ದಿನ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸ್ದ. "ಸಾರ್, ಇದನ್ನ ಕೊಯಮತ್ತೂರಿನ ಟ್ರ್ಯಾಕಲ್ಲೂ ಓಡಿಸ್ಬೇಕು, ನಮ್ಮೂರ ರೋಡಲ್ಲೂ ಓಡಿಸ್ಬೇಕು. ಅಂಗೆ ಸೆಟ್ ಮಾಡ್ಕೊಡಿ."

"ಎರಡು ದೋಣಿ ಮೇಲೆ ಕಾಲಿಟ್ರೆ ಏನಾಗುತ್ತೆ ಗೊತ್ತೇನಯ್ಯಾ?" ಅಂದೆ. ಅವನು ಹಲ್ಲು ಬಿಟ್ಟ. ಅವನ ತಲೆಗೆ ಹೋಗೋ ಹಾಗೆ ಕೂರಿಸಿ ಹೇಳ್ಬೇಕಾಯ್ತು.

ನಿಮಗೂ ಹೇಳ್ತೀನಿ ಕೇಳಿ, ಯಾಕಂದ್ರೆ ಮುಂದಿಂದೆಲ್ಲಾ ಇದರ ಮೇಲೇ ನಿಂತಿದೆ. ಟ್ರ್ಯಾಕಿಗೆ ಹೋಗೋ ಗಾಡಿಯ ಚಕ್ರದ ತಲೇನ ಸ್ವಲ್ಪ ಒಳಗೆ ಬಗ್ಗಿಸ್ತೀವಿ, ತಿರುವಿನಲ್ಲಿ ಗಾಡಿ ವಾಲಿದಾಗ ಟೈರ್ ಪೂರ್ತಿ ನೆಲಕ್ಕೆ ಕೂರ್ಲಿ ಅಂತ. ಅದೇ ಗಾಡಿ ನೆಟ್ಟಗಿರೋ ರಸ್ತೆಯಲ್ಲಿ ಟೈರಿನ ಒಳಅಂಚಿನ ಮೇಲೆ ಓಡುತ್ತೆ. ಸ್ಪ್ರಿಂಗು ಬಿಗಿ ಮಾಡ್ತೀವಿ, ನುಣ್ಣನೆ ಟ್ರ್ಯಾಕಲ್ಲಿ ಸೊಗಸಾಗಿರುತ್ತೆ, ನಮ್ಮ ಗುಂಡಿ ರಸ್ತೆಯಲ್ಲಿ ಚಕ್ರ ಹಾರಿ ಹಾರಿ ಬೀಳುತ್ತೆ. ಟೈರಿಗೆ ಗೆರೆಗಳೇ ಕಮ್ಮಿ, ಬಿಸಿಯಾದ್ರೆ ಅಂಟು, ತಣ್ಣಗಿದ್ದು ಮಳೆ ಬಂದ್ರೆ ಜಾರು. ಇದೆಲ್ಲ ಹೆಂಗೋ ಸಂಭಾಳಿಸ್ಬಹುದು. ಬ್ರೇಕ್ ಪ್ಯಾಡ್ ಮಾತ್ರ ಸಂಭಾಳಿಸೋಕಾಗಲ್ಲ. ರಸ್ತೆ ಪ್ಯಾಡು ಬೆಳಿಗ್ಗೆ ಮೊದಲನೇ ಸಲ ಒತ್ತಿದಾಗ್ಲೇ ಕಚ್ಚುತ್ತೆ, ಆದ್ರೆ ಟ್ರ್ಯಾಕಲ್ಲಿ ಮೇಲಿಂದ ಮೇಲೆ ಒತ್ತಿದ್ರೆ ಬೆಂದು ಸೋತು ಹೋಗುತ್ತೆ. ಟ್ರ್ಯಾಕ್ ಪ್ಯಾಡು ಅದಕ್ಕೆ ಉಲ್ಟಾ. ಚೆನ್ನಾಗಿ ಕಾಯ್ಬೇಕು, ಕಾದ ಮೇಲೆ ಎಂಥಾ ವೇಗದ ಗಾಡೀನೂ ಮೊಳೆ ಹೊಡೆದ ಹಾಗೆ ನಿಲ್ಲಿಸುತ್ತೆ. ಕಾಯೋ ಮುಂಚೆ ಒತ್ತಿದ್ರೆ? ಕಾವಲಿ ಕಾಯೋ ಮುಂಚೆ ದೋಸೆ ಹುಯ್ದ ಹಾಗೆ. ಪೆಡಲ್ ಗಟ್ಟಿಯಾಗಿ ಸಿಗುತ್ತೆ, ಗಾಡಿ ತನ್ನ ಪಾಡಿಗೆ ತಾನು ಹೋಗ್ತಾನೇ ಇರುತ್ತೆ.

"ಹಾಗಾಗಿ ಟ್ರ್ಯಾಕಿನ ಗಾಡಿ ಒಂದು ಮಾರು ದೂರಾನೂ ರಸ್ತೆ ಮೇಲೆ ಓಡಬಾರದು" ಅಂದೆ. ಅವನು ಒಪ್ಪಿದ. ನಾನು ಇಲ್ಲಿ ಪ್ಯಾಡು, ಟೈರು ಬದಲಾಯಿಸಿ ಗಾಡೀನ ಲಾರಿ ಮೇಲೆ ಹತ್ತಿಸೋದು. ಅದೇ ಲಾರಿ ವಾಪಸ್ ತಂದು ನನ್ನ ಅಂಗಡಿ ಮುಂದೆ ಇಳಿಸೋದು. ಇಳಿದ ಕೂಡ್ಲೇ ಸ್ಟೇರಿಂಗಿಗೆ ನನ್ನ ಕೆಂಪು ಬಿಲ್ಲೆ. ಎಲ್ಲಾ ರಸ್ತೆಗೆ ತಕ್ಕ ಹಾಗೆ ಮಾಡಿ, ಬಿಲ್ಲೆ ತೆಗೆದು, ಆಮೇಲೆ ಕೀ ಕೊಡೋದು. ಹನ್ನೊಂದು ಸಲ ಹಂಗೇ ಮಾಡಿದ್ವಿ.

ಕೀ ಇಸ್ಕೊಳ್ಳೋಕೆ ಸುಮಾರು ಸಲ ಬರ್ತಿದ್ದಿದ್ದು ಅವನ ಅಕ್ಕ ಯಮುನಾ. ಹತ್ತಿರದ ಸ್ಕೂಲಲ್ಲಿ ಟೀಚರ್. ಹದಿನೈದನೇ ವಯಸ್ಸಿಗೇ ಅಪ್ಪನ ಟ್ರ್ಯಾಕ್ಟರ್ ಓಡಿಸಿದವಳು. ಅವಳು ಗಾಡಿ ಓಡಿಸೋದು ನೋಡೋಕೇ ಚೆಂದ, ಬ್ರೇಕ್ ಮೇಲೆ ಕಾಲಿಡೋದು ಮಲಗಿದ ಮಗೂನ ತೊಟ್ಟಿಲಿಗೆ ಹಾಕೋ ಹಾಗೆ. "ನಿನ್ನ ತಮ್ಮನಿಗಿಂತ ನೀನೇ ಸಾವಿರ ಪಾಲು ವಾಸಿ ಕಣಮ್ಮ" ಅಂತಿದ್ದೆ. "ಅವನ ಮುಂದೆ ಹೇಳಿ ಸಾರ್" ಅಂತ ನಗ್ತಿದ್ಲು. ಬಂದವಳು ಮೊದಲು ಕಿಟಕಿಯಲ್ಲಿ ಬಗ್ಗಿ ನೋಡೋಳು. ಬಿಲ್ಲೆ ಇದ್ರೆ ಬೆಂಚಿನ ಮೇಲೆ ಕೂತು ಕಾಯೋಳು, ಇಲ್ಲದಿದ್ರೆ ಕೀಗೆ ಕೈ ಚಾಚೋಳು.

ಹೋದ ವರ್ಷದ ಆಯುಧಪೂಜೆ. ಹಿಂದಿನ ದಿನ ಟ್ರ್ಯಾಕಲ್ಲಿ ಏನೋ ಸ್ಪರ್ಧೆ ಇತ್ತಂತೆ. ರಾತ್ರಿಯೆಲ್ಲಾ ಲಾರಿಯಲ್ಲಿ ಕೂತು ಬಂದ ಮುನಿಕೃಷ್ಣ ಬೆಳಿಗ್ಗೆ ಹನ್ನೊಂದಕ್ಕೆ ಗಾಡಿ ಇಳಿಸ್ದ. ಅಷ್ಟೊತ್ತಿಗಾಗ್ಲೇ ನನ್ನ ಹೆಂಡತಿ ಸೀತಾಲಕ್ಷ್ಮಿ ಬೇಗೂರಿನ ಮನೆಯಿಂದ ಬಂದು ಎಲ್ಲಾ ಜೋಡಿಸಿದ್ಲು. ಸ್ಪ್ಯಾನರು, ಜಾಕು, ಸುತ್ತಿಗೆ ಎಲ್ಲಾ ತೊಳೆದು, ಬಾಳೆ ಎಲೆ ಮೇಲೆ ಸಾಲಾಗಿಟ್ಟು, ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ ಆಗಿತ್ತು.

"ಸಾರ್, ಕಷ್ಟ ಆಗದಿದ್ರೆ ಪ್ಯಾಡು ಒಂದು ಚೇಂಜ್ ಮಾಡ್ಬಿಡಿ, ಮಿಕ್ಕಿದ್ದು ನಾಳೆ" ಅಂದ ಮುನಿಕೃಷ್ಣ. ಕಣ್ಣು ನಿದ್ದೆಯಿಲ್ಲದೆ ಕೆಂಪಗಾಗಿತ್ತು.

ಮುಕ್ಕಾಲು ಗಂಟೆ ಕೆಲಸ ಅದು. ಆದ್ರೆ ಪೂಜೆಗೆ ಇಟ್ಟ ಆಯುಧ ಮಾರನೇ ದಿನದ ತನಕ ಮುಟ್ಟೋ ಹಾಗಿಲ್ಲ. ಕಾರ್ಖಾನೆಯಲ್ಲೂ ಮುಟ್ಟಿದವನಲ್ಲ, ಇಲ್ಲೂ ಮುಟ್ಟಿದವನಲ್ಲ. "ಬುದ್ಧಿ ಇದೆಯೇನಯ್ಯಾ? ಹೂವು ಕಿತ್ತು ಹಾಕಿ ಸ್ಪ್ಯಾನರ್ ತಗೊಳ್ಳಾ? ಗಾಡಿ ಎಲ್ಲೂ ಹೋಗಲ್ಲ, ಹೋಗಿ ಮಲಕ್ಕೋ" ಅಂತ ರೇಗಿದೆ. ಅವನು ಬಾಯಿ ಮುಚ್ಕೊಂಡು ಹೋದ. ನಾನು ಬಿಲ್ಲೆ ತಗುಲಿಹಾಕ್ದೆ.

ಬಂದಿದ್ದೇ ಬಂತು, ಆ ಗಾಡಿಗೂ ಪೂಜೆ ಆಗ್ಲಿ ಅಂತ ಸೀತಾ ಹಾರ ತಗೊಂಡು ಬಂದ್ಲು. ಬಂದವಳು ಅಲ್ಲೇ ನಿಂತ್ಲು. "ಏನ್ರೀ ಇದು? ಪೂಜೆ ಗಾಡಿಗೆ ಅಪಾಯ ಅಂತ ಬರೆದು ನೇತು ಹಾಕಿದೀರಾ? ನಮ್ಮ ಬಾಯಲ್ಲೇ ಅಪಶಕುನ ನುಡಿದ ಹಾಗಲ್ವಾ?"

ನಂಗೂ ಹೌದು ಅನ್ನಿಸ್ತು. ಗಾಡಿ ಹೆಂಗೂ ನಾಳೆವರೆಗೆ ಅಲ್ಲಾಡಲ್ಲ. ಕೈ ಹಾಕಿ ತೆಗೆದೆ. ಬಿಲ್ಲೇನ ಸ್ಪ್ಯಾನರ್ ಪಕ್ಕ ಬಾಳೆ ಎಲೆ ಮೇಲೆ ಇಟ್ಟೆ, ಅವಳು ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಲು. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದ್ವಿ.

ಕಾಯಿ ತಂದಿದ್ದು ದಾಸಪ್ಪನ ಹತ್ರ. ಅಂಗಡಿಯಿಂದ ಮುನ್ನೂರು ಅಡಿ ದೂರ, ಮೂಲೆಯ ಲೈಟ್ ಕಂಬದ ಬುಡದಲ್ಲಿ ಅವನ ಜಾಗ. ವರ್ಷವೆಲ್ಲಾ ಎಳನೀರು, ಹಬ್ಬಕ್ಕೆ ಕುಂಬಳಕಾಯಿ, ಬಾಳೆಕಂದು. ಹದಿನೈದು ವರ್ಷದಿಂದ ದಿನಾ ನಾಲ್ಕು ಗಂಟೆಗೆ ಜೊತೆಯಲ್ಲಿ ಟೀ ಕುಡಿದೋರು ನಾವು. ಪ್ರತಿ ವರ್ಷ ಆಯುಧಪೂಜೆ ಸಾಯಂಕಾಲ ಅವನು ಗೋಣಿಚೀಲ ಹಿಡ್ಕೊಂಡು ರಸ್ತೆ ಮೇಲೆ ಬಿದ್ದ ಕುಂಬಳಕಾಯಿ ಚೂರು ಬಾಚ್ತಿದ್ದ. ಯಾರೂ ಹೇಳಿದ್ದಲ್ಲ. "ನಿಂಗ್ಯಾಕಯ್ಯಾ ಈ ಉಸಾಬರಿ?" ಅಂತ ನಾನು ಕೇಳಿದ್ರೆ, "ಮಾರಿದೋನು ನಾನು ಸ್ವಾಮಿ. ನನ್ನ ಕಾಯಿ ಮ್ಯಾಲೆ ಯಾವನಾದ್ರೂ ಬೈಕ್‌ನೋನು ಜಾರಿ ಬಿದ್ರೆ ಪಾಪ ಯಾರ್ದು?" ಅಂತಿದ್ದ. ನಾನು ನಗ್ತಿದ್ದೆ.

ನಾಲ್ಕು ಗಂಟೆಗೆ ಹನಿ ಶುರುವಾಯ್ತು. ಅದೇ ಹೊತ್ತಿಗೆ ಯಮುನಾ ಬಂದ್ಲು, ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ. "ಸಾರ್, ಅಮ್ಮ ಎಲ್ಲಾ ಗಾಡೀನೂ ಮನೆ ಮುಂದೆ ಸಾಲಾಗಿ ನಿಲ್ಲಿಸಿದಾರೆ. ಟ್ರ್ಯಾಕ್ಟರು, ಜೀಪು, ಸ್ಕೂಟರು. ಇದೊಂದಿಲ್ಲದೆ ಪೂಜೆ ಶುರು ಮಾಡಲ್ಲ ಅಂತ ಕೂತಿದಾರೆ. ಮುನಿ ಹೆಣದ ಥರ ಮಲಗಿದಾನೆ, ನಾನೇ ತಗೊಂಡು ಹೋಗ್ತೀನಿ."

ಹಂಗಂತ ಕಿಟಕಿಯಲ್ಲಿ ಬಗ್ಗಿ ನೋಡಿದ್ಲು. "ಬಿಲ್ಲೆ ತೆಗ್ದಿದೀರಾ. ಹಂಗಾದ್ರೆ ರೆಡಿ" ಅಂದು ಸೀಟಲ್ಲಿ ಕೂತು ಕೀಗೆ ಕೈ ಚಾಚಿದ್ಲು.

ನಾನು ಹೇಳಬೇಕಿತ್ತು. ಬಾಯಿ ತೆರೆದಿದ್ದೂ ನಿಜ. ಆದ್ರೆ ಅಷ್ಟರಲ್ಲಿ ಸೀತಾ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು, ಆರತಿ ತಟ್ಟೆ ಹಿಡಿದು ಬಂದಿದ್ಲು. ಮುತ್ತೈದೆ ಹೆಣ್ಣುಮಗಳು ಸೀಟಲ್ಲಿ ಕೂತಿದಾಳೆ, ಮುಂದೆ ದೀಪ ಉರೀತಿದೆ, ಆಗ ನಾನು "ಈ ಗಾಡಿ ಬ್ರೇಕ್ ಹಿಡಿಯಲ್ಲ" ಅನ್ನಲಾ? ಅಪಶಕುನ ಅಂತ ನಾಲಿಗೆ ಹಿಂದಕ್ಕೆ ಹೋಯ್ತು. ಅದಷ್ಟೇ ಅಂದ್ರೆ ಸುಳ್ಳಾಗುತ್ತೆ. ಬೆಳಿಗ್ಗೆ ಅವಳ ತಮ್ಮನಿಗೆ ಅಷ್ಟು ರೇಗಿ ಕಳಿಸಿ, ಈಗ ಹೂವು ಸರಿಸಿ ಸ್ಪ್ಯಾನರ್ ತಗೊಳ್ಳೋದು ನನ್ನ ಜಂಬಕ್ಕೆ ಒಗ್ಗಲಿಲ್ಲ. ನಾಲ್ಕು ಕಿಲೋಮೀಟರ್ ತಾನೇ, ಓಡಿಸೋಳು ಯಮುನಾ ತಾನೇ ಅಂದ್ಕೊಂಡೆ.

"ನಿಧಾನಕ್ಕೆ ಹೋಗಮ್ಮ, ಹನಿ ಬೀಳ್ತಿದೆ" ಅಂದೆ. ಅಷ್ಟೇ ಅಂದೆ. ಕೀ ಕೊಟ್ಟೆ.

ನಿಂಬೆಹಣ್ಣು ಚಟಚಟ ಅಂತ ಒಡೆದ್ವು. ಸೀತಾ ಕೈ ಮುಗಿದ್ಲು. ನಾನು ರಸ್ತೆಗೆ ಇಳಿದು ನೋಡ್ತಾ ನಿಂತೆ. ಅವಳು ಹೇಳಿದ ಹಾಗೇ ನಿಧಾನಕ್ಕೇ ಹೋಗ್ತಿದ್ಲು, ಮೂವತ್ತು ಮೂವತ್ತೈದರ ಮೇಲಿರಲಿಲ್ಲ. ಮುಂದೆ ಮೂಲೆಯಲ್ಲಿ ದಾಸಪ್ಪ ಬಗ್ಗಿ ಚೂರು ಬಾಚ್ತಿದ್ದ, ಬೆನ್ನು ಈ ಕಡೆಗೆ. ಹಿಂದಿನ ಕೆಂಪು ದೀಪ ಹತ್ತಿದ್ದು ನಾನು ಕಣ್ಣಾರೆ ಕಂಡೆ. ಅಂದ್ರೆ ಅವಳು ಬ್ರೇಕ್ ಒತ್ತಿದ್ಲು, ಬೇಕಾದಷ್ಟು ಮುಂಚೇನೇ ಒತ್ತಿದ್ಲು. ನಾನು ಟೈರ್ ಕಿರುಚೋ ಸದ್ದಿಗೆ ಕಾದೆ. ಅದು ಬರಲೇ ಇಲ್ಲ. ದೀಪ ಹತ್ತಿಸ್ಕೊಂಡು ಗಾಡಿ ಹಂಗೇ ಹೋಯ್ತು, ಹೋಗಿ ಅವನನ್ನ ಕಂಬಕ್ಕೆ ಒತ್ತಿ ನಿಲ್ತು.

ಮಾರನೇ ದಿನ ಬೆಳಿಗ್ಗೆ ದಾಸಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡ.

ಪೊಲೀಸರು ಬಂದು ರಸ್ತೆ ಅಳೆದ್ರು. ಟೈರ್ ಉಜ್ಜಿದ ಗುರುತು ಒಂದಿಂಚೂ ಇಲ್ಲ. ಬ್ರೇಕ್ ಒತ್ತಿದ್ರೆ ಗುರುತಿರಬೇಕಿತ್ತು, ಇಲ್ಲ ಅಂದ್ರೆ ಒತ್ತಿಲ್ಲ, ಗಾಬರಿಯಲ್ಲಿ ಆಕ್ಸಿಲರೇಟರ್ ತುಳಿದಿದಾಳೆ ಅಂತ ಅವರ ಲೆಕ್ಕ. ಯಮುನಾ ಮೇಲೆ ಕೇಸ್ ಹಾಕಿ ಕರ್ಕೊಂಡು ಹೋದ್ರು. ತಣ್ಣನೆ ಪ್ಯಾಡು ಚಕ್ರ ಹಿಡಿಯದೇ ಇದ್ರೆ ಗುರುತು ಎಲ್ಲಿಂದ ಬರುತ್ತೆ ಅಂತ ಗೊತ್ತಿದ್ದಿದ್ದು ಆ ಗುಂಪಲ್ಲಿ ನನಗೊಬ್ಬನಿಗೇ. ನಾನು ಜನರ ಹಿಂದೆ ನಿಂತಿದ್ದೆ. "ಹೆಂಗಸರ ಕೈಗೆ ಇಂಥಾ ಗಾಡಿ ಕೊಟ್ರೆ ಇನ್ನೇನಾಗುತ್ತೆ ಗುರು" ಅಂತ ಪಕ್ಕದ ಪಂಕ್ಚರ್ ಅಂಗಡಿಯವನು ಅಂದ. ಬೇರೆ ದಿನ ಆಗಿದ್ರೆ ಅವನ ಗ್ರಹಚಾರ ಬಿಡಿಸ್ತಿದ್ದೆ.

ಮೂರನೇ ದಿನ ಮುನಿಕೃಷ್ಣ ಬಂದ. ಗಡ್ಡ ಬಿಟ್ಟಿದ್ದ. ಶಟರ್ ಅರ್ಧ ಎಳೆದು ಪಿಸುಮಾತಲ್ಲಿ ಹೇಳ್ದ, "ಸಾರ್, ಪ್ಯಾಡಿನ ವಿಷ್ಯ ಬಾಯಿ ಬಿಡ್ಬ್ಯಾಡಿ. ಗಾಡಿ ಅಂಗಿತ್ತು ಅಂತ ಗೊತ್ತಾದ್ರೆ ನಿಮ್ಮ ಮ್ಯಾಲೂ ಬತ್ತದೆ, ನನ್ನ ಮ್ಯಾಲೂ ಬತ್ತದೆ. ಅಕ್ಕಂಗೇನು, ಬೇಲ್ ಸಿಕ್ತದೆ. ಹೆಂಗಸು ಅಂತ ಕೋರ್ಟೂ ಸಲೀಸಾಗಿ ನೋಡ್ತದೆ."

ನಂಗೆ ಮೈ ಉರೀತು, ಒಡಹುಟ್ಟಿದವಳನ್ನ ಹಿಂಗೆ ಬಲಿ ಕೊಡ್ತಾನಲ್ಲಾ ಅಂತ. ಆದ್ರೆ ಆ ಉರಿಗಿಂತ ಒಂದು ಕ್ಷಣ ಮುಂಚೆ ಸಮಾಧಾನ ಆಗಿತ್ತು. ಆ ಒಂದು ಕ್ಷಣದ ಸಮಾಧಾನ ಇದೆಯಲ್ಲ, ಅದನ್ನ ನಾನು ಸಾಯೋವರೆಗೂ ಮರೆಯಲ್ಲ. ಆಗ್ಲಿ ಅನ್ನಲಿಲ್ಲ, ಆಗಲ್ಲ ಅಂತಾನೂ ಅನ್ನಲಿಲ್ಲ.

ಯಮುನಾ ಬೇಲ್ ಮೇಲೆ ಬಂದ ಮಾರನೇ ದಿನ ನನ್ನ ಅಂಗಡಿಗೆ ಬಂದ್ಲು. ಸ್ಕೂಲಿನವರು ಕೇಸ್ ಮುಗಿಯೋವರೆಗೆ ಬರಬೇಡಿ ಅಂದಿದ್ರಂತೆ. ಬೆಂಚಿನ ತುದಿಯಲ್ಲಿ ಕೂತು ತನ್ನ ಬಲಗಾಲನ್ನೇ ನೋಡ್ತಿದ್ಲು.

"ಸಾರ್, ನಾನು ಬ್ರೇಕೇ ಒತ್ತಿದ್ನಾ? ಮೊದಲು ಒತ್ತಿದೆ ಅಂತಾನೇ ಅನ್ಕೊಂಡಿದ್ದೆ. ಗಟ್ಟಿಯಾಗಿ ಸಿಕ್ಕಿತ್ತು ಕಾಲಿಗೆ. ಎಲ್ಲಾರೂ ಇಲ್ಲ ಅಂತಾರೆ. ಈಗ ರಾತ್ರಿ ಕಣ್ಣು ಮುಚ್ಚಿದ್ರೆ ಕಾಲು ಆಕ್ಸಿಲರೇಟರ್ ಮೇಲಿರೋ ಹಾಗೇ ಕಾಣುತ್ತೆ. ನಂಗೇ ಗೊತ್ತಿಲ್ಲದೆ ಒಂದು ಜೀವ ತೆಗೆದ್ನಾ ಸಾರ್?"

ಕೆಂಪು ದೀಪ ಹತ್ತಿದ್ದನ್ನ ನೋಡಿದವನು ನಾನು. "ಮನೆಗೆ ಹೋಗಮ್ಮ, ಎಲ್ಲಾ ಸರಿ ಹೋಗುತ್ತೆ" ಅಂದೆ. ಥೂ! ಇಪ್ಪತ್ತೇಳು ವರ್ಷ ಕೂದಲೆಳೆ ತಪ್ಪಿಗೆ ಪೀಸು ಬಿಸಾಕಿದ ಬಾಯಿ ಇದು.

ಅವಳು ಹೋದ ಮೇಲೆ ಒಳಗಿಂದ ಸೀತಾ ಬಂದ್ಲು. ಎಲ್ಲಾ ಕೇಳಿಸ್ಕೊಂಡಿದ್ಲು. "ಬಿಲ್ಲೆ ತೆಗೀರಿ ಅಂದಿದ್ದು ನಾನು" ಅಂತ ಅತ್ಲು.

"ನೀನು ಅಂದೆ. ಹಾಕಿದ್ದೂ ನಾನು, ತೆಗೆದಿದ್ದೂ ನಾನು ಕಣೇ" ಅಂದೆ. ಆ ಬಿಲ್ಲೆ ಇನ್ನೂ ಪೂಜೆ ಗೂಡಲ್ಲೇ ಇತ್ತು. ಕುಂಕುಮ ಒಣಗಿ ಅಕ್ಷರದ ಮೇಲೆ ಕೂತಿತ್ತು.

ಹನ್ನೆರಡನೇ ದಿನ ಸ್ಟೇಷನ್ನಿಂದ ಫೋನ್ ಬಂತು. ಗಾಡಿ ತಪಾಸಣೆಗೆ ಆರ್‌ಟಿಓ ಇನ್‌ಸ್ಪೆಕ್ಟರ್ ಬಂದಿದಾರೆ, ಬ್ಯಾಟರಿ ಇಳಿದುಹೋಗಿದೆ, ಬಂದು ಚಾಲೂ ಮಾಡ್ಕೊಡಿ ಅಂತ. ಹೊರಡುವಾಗ ಬಿಲ್ಲೇನ ಎತ್ತಿ ಜೇಬಿಗೆ ಹಾಕ್ಕೊಂಡೆ. ಯಾಕೆ ಅಂತ ಆಗ ನಂಗೇ ಗೊತ್ತಿರಲಿಲ್ಲ. ಅಲ್ಲಿ ಹೋಗಿ ನೋಡಿದ್ರೆ ಯಮುನಾನೂ ಇದ್ಲು, ಮುನಿಕೃಷ್ಣನೂ ಇದ್ದ. ಅವನು ನನ್ನ ಕಡೆ ನೋಡಿ ಸಣ್ಣಗೆ ತಲೆ ಆಡಿಸ್ದ, ಬೇಡ ಅನ್ನೋ ಹಾಗೆ.

ಗಾಡಿ ಚಾಲೂ ಮಾಡ್ಕೊಟ್ಟೆ. ಸ್ಟೇಷನ್ ಹಿಂದಿನ ಲೇಔಟಲ್ಲಿ ಮನೆಗಳಿಲ್ಲದ ಒಂದು ಕಾಂಕ್ರೀಟ್ ರಸ್ತೆ ಇದೆ. ಇನ್‌ಸ್ಪೆಕ್ಟರ್ ಒಳ್ಳೆ ಮನುಷ್ಯ, ಕೆಲಸದಲ್ಲಿ ಶ್ರದ್ಧೆ ಇದ್ದೋನು. ಆ ರಸ್ತೆಯಲ್ಲಿ ಆಚೆ ಈಚೆ ಓಡಿಸಿ ಹತ್ತು ಹದಿನೈದು ಸಲ ಬ್ರೇಕ್ ಒತ್ತಿ ನೋಡ್ದ. ನಾನು ಎಣಿಸ್ತಾ ನಿಂತಿದ್ದೆ. ಒಂದೊಂದು ಸಲ ಒತ್ತಿದಾಗ್ಲೂ ಪ್ಯಾಡು ಕಾಯ್ತಾ ಇತ್ತು, ಯಮುನಾ ಅಷ್ಟಷ್ಟೇ ಮುಳುಗ್ತಾ ಇದ್ಲು. ಕೊನೇ ಸಲ ಗಾಡಿ ಮೂಗು ನೆಲಕ್ಕೆ ಊರಿ ನಿಂತುಬಿಡ್ತು.

"ಮೊದಲು ಒಂದೆರಡು ಸಲ ಮಂಕಾಗಿತ್ತು, ನಿಂತ ಗಾಡಿ ಅಲ್ವಾ. ಆಮೇಲೆ ಫಸ್ಟ್ ಕ್ಲಾಸ್. ಇಂಥಾ ಬ್ರೇಕ್ ನಾನು ನೋಡೇ ಇಲ್ಲ" ಅಂತ ಇಳಿದು ಬಂದು ಕಾಗದ ತೆಗೆದ.

"ಹಂಗಿದ್ರೆ ನಾನೇ" ಅಂದ್ಲು ಯಮುನಾ. ಜೋರಾಗಿ ಅಲ್ಲ. ಅಲ್ಲೇ ಜಲ್ಲಿ ರಾಶಿ ಮೇಲೆ ಕೂತ್ಕೊಂಡ್ಲು. "ನಾನೇ ಕೊಂದಿದ್ದು."

ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ನನ್ನ ಬುದ್ಧಿ ಬಂದಿದ್ದು ಆಗ. ಎಳನೀರಿನ ಮಚ್ಚು ಪಕ್ಕಕ್ಕಿಟ್ಟು "ಪಾಪ ಯಾರ್ದು ಸ್ವಾಮಿ" ಅಂತ ದಾಸಪ್ಪ ಕಿವಿಯಲ್ಲೇ ಕೇಳಿದ ಹಾಗಾಯ್ತು.

"ಬರೀಬೇಡಿ ಸಾರ್" ಅಂದೆ. "ಒಂದೂವರೆ ಗಂಟೆ ತಣ್ಣಗಾಗೋಕೆ ಬಿಡಿ. ಆಮೇಲೆ ಒಂದೇ ಒಂದು ಸಲ ಒತ್ತಿ. ಎರಡನೇ ಸಲ ಒತ್ತಬೇಡಿ."

ಮುನಿಕೃಷ್ಣ ನನ್ನ ತೋಳು ಹಿಡ್ಕೊಂಡ. ಕೊಡವಿದೆ. ಹೋಗಿ ಬಿಲ್ಲೇನ ಸ್ಟೇರಿಂಗಿಗೆ ತಗುಲಿಹಾಕಿ ಬಂದೆ, ಯಾರೂ ಗಾಡಿ ಮುಟ್ಟದಿರ್ಲಿ ಅಂತ. ಮೋಡ ಕವಿದಿತ್ತು. ಒಂದೂವರೆ ಗಂಟೆ ಕಾದ್ವಿ. ಇನ್‌ಸ್ಪೆಕ್ಟರ್ ಎರಡು ಸಲ ಬಂದು ಚಕ್ರದ ಹತ್ರ ಕೈ ಹಿಡಿದು ಕಾವು ನೋಡ್ದ.

ಆಮೇಲೆ ನಾನೇ ಬಿಲ್ಲೆ ತೆಗೆದುಕೊಟ್ಟೆ. ರಸ್ತೆ ಮಧ್ಯ ಒಂದು ಖಾಲಿ ನೀರಿನ ಕ್ಯಾನ್ ಇಟ್ರು, ದಾಸಪ್ಪ ಬಗ್ಗಿದ್ದಷ್ಟೇ ಎತ್ತರ. ಇನ್‌ಸ್ಪೆಕ್ಟರ್ ಮೂವತ್ತೈದರಲ್ಲಿ ಬಂದ. ಹಿಂದಿನ ದೀಪ ಹತ್ತಿತು. ಸದ್ದಿಲ್ಲ. ಗಾಡಿ ಕ್ಯಾನನ್ನ ಗುದ್ದಿ, ತಳ್ಕೊಂಡು ಇನ್ನಷ್ಟು ದೂರ ಹೋಗಿ ನಿಲ್ತು. ಇಳಿದವನ ಮುಖ ಬಿಳಿಚಿಕೊಂಡಿತ್ತು. ಯಮುನಾ ಓಡಿಹೋಗಿ ಕಾಂಕ್ರೀಟ್ ನೋಡಿದ್ಲು. ಒಂದು ಗೆರೆ ಕೂಡ ಇರಲಿಲ್ಲ. ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ಲು. "ಒತ್ತಿದ್ದೆ ಅಲ್ವಾ ಸಾರ್? ನಾನು ಒತ್ತಿದ್ದೆ ಅಲ್ವಾ?"

"ಒತ್ತಿದ್ದೆ ಕಣಮ್ಮ. ದೀಪ ಹತ್ತಿದ್ದು ನಾನೇ ನೋಡ್ದೆ."

ಇನ್‌ಸ್ಪೆಕ್ಟರ್ ಹೊಸ ಹಾಳೆ ತೆಗೆದ. "ಈ ಪ್ಯಾಡು ಹಾಕಿದ್ದು ಯಾರು?"

"ನಾನು. ಜಯಸಿಂಹ."

"ರಸ್ತೆಗೆ ಆಗಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಕೀ ಕೊಟ್ಟಿದ್ದು ಯಾರು?"

"ನಾನೇ."

ಯಮುನಾ ಅಳು ನಿಲ್ಲಿಸಿ ನನ್ನ ಕಡೆ ತಿರುಗಿದ್ಲು. ಬೆಂಚಿನ ಮೇಲೆ ಕೂತು ಅಷ್ಟು ಕೇಳಿದ್ನಲ್ಲಾ, ಆಗ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಾಳೆ ಅಂದ್ಕೊಂಡೆ. ಬೈದ್ರೆ ಸಾಕು ಅಂತಿತ್ತು ಜೀವ. ಅವಳು ಬೈಯಲಿಲ್ಲ. ನನ್ನ ಕೈಯಲ್ಲಿದ್ದ ಬಿಲ್ಲೇನ ನೋಡಿದ್ಲು.

"ಅವತ್ತು ಬಿಲ್ಲೆ ಇರಲಿಲ್ಲ ಸಾರ್" ಅಂದ್ಲು. "ನಾನು ಬಗ್ಗಿ ನೋಡಿದ್ದೆ."

"ಇರಲಿಲ್ಲ ಕಣಮ್ಮ" ಅಂದೆ. "ಹಾಕಿದವನೇ ತೆಗೆದಿದ್ದ."